ಹತ್ತಿಪಾದರ ಸೆಂಟು

ಐವತ್ತು ದಾಟಿದ ಗಂಡಸಿಗೆ ಅವನಿಗೊಂದು ವ್ಯಕ್ತಿತ್ವವಿದೆ ಎಂದು ಯಾರಾದರೂ ಹೇಳಿಬಿಟ್ಟರೆ ಆ ಮನೆಯ ನೆಮ್ಮದಿ ಅಲ್ಲಿಗೆ ಮುಗಿಯಿತು. ನಮ್ಮ ಉಪಪ್ರಾಂಶುಪಾಲರಿಗೆ ಹಾಗೆ ಹೇಳಿದವನು ಅವರ ಹೆಂಡತಿಯ ತಮ್ಮ. ಅವನಿಗೆ ಸೆಂಟಿನ ಅಂಗಡಿಯಿತ್ತು, ಗಿರಾಕಿಗಳಿರಲಿಲ್ಲ. ಆದ್ದರಿಂದ ಸಿದ್ಧಾಂತವಿತ್ತು.

"ಭಾವ, ಮನುಷ್ಯ ಬರೋಕೆ ಮುಂಚೆ ಅವನ ಪರ್ಸನಾಲಿಟಿ ಬರಬೇಕು," ಎಂದ ಅವನು. "ಹೂವಿನ ವಾಸನೆ ಹಾಕ್ಕೊಳ್ಳೋರು ಮೆತ್ತಗಿನವರು. ನಿಂಬೆಹಣ್ಣಿಂದು ಹಾಕ್ಕೊಳ್ಳೋರು ಚುರುಕು, ಆದ್ರೆ ನಂಬೋ ಹಾಗಿಲ್ಲ. ನೀವು ಆಳೋಕೆ ಹುಟ್ಟಿದವರು. ನಿಮಗೆ ಇದೇ ಸರಿ."

ಅವನು ತೆಗೆದಿಟ್ಟ ಸೀಸೆಯ ಮೇಲೆ ಬಂಗಾರದ ಅಕ್ಷರದಲ್ಲಿ 'ಚಕ್ರವರ್ತಿ' ಎಂದಿತ್ತು. ಒಳಗಿದ್ದದ್ದು, ಹೊಸ ಚಪ್ಪಲಿಯನ್ನೂ ಮೇಜಿಗೆ ಬಳಿಯುವ ಪಾಲಿಷನ್ನೂ ಒಟ್ಟಿಗೆ ಬೇಯಿಸಿ ಮೇಲಿಷ್ಟು ಲವಂಗ ಉದುರಿಸಿದಂಥ ವಾಸನೆ. ಉಪಪ್ರಾಂಶುಪಾಲರು ಮೂಸಿ ನೋಡಿ ಕಣ್ಣು ಮುಚ್ಚಿದರು. ತಮ್ಮನ್ನು ತಾವೇ ಮೊದಲ ಸಲ ಭೇಟಿಯಾದಂತೆ ಅವರ ಮುಖ ಅರಳಿತು. (ಹಾಗೆ ಭೇಟಿಯಾದಾಗ ನಿರಾಶೆಯಾಗದಿರಲು ವಿಶೇಷ ಬಗೆಯ ಮನುಷ್ಯನೇ ಬೇಕು.)

ಅಲ್ಲಿಯವರೆಗೆ ಅವರ ಕೀರ್ತಿ ನಿಂತಿದ್ದದ್ದು ಅವರ ಕಾಲ ಮೇಲೆ. ಮೆತ್ತನೆಯ ರಬ್ಬರ್ ಅಟ್ಟೆಯ ಬೂಟು ಹಾಕಿಕೊಂಡು ಸದ್ದಿಲ್ಲದೆ ನಡೆಯುತ್ತಿದ್ದರು. ಹರಟೆ ಹೊಡೆಯುವ ಉಪಾಧ್ಯಾಯರ ಬೆನ್ನ ಹಿಂದೆ, ಪುಸ್ತಕದೊಳಗೆ ಇನ್ನೊಂದು ಪುಸ್ತಕ ಇಟ್ಟುಕೊಂಡ ಹುಡುಗನ ಹೆಗಲ ಬಳಿ ಇದ್ದಕ್ಕಿದ್ದಂತೆ ಪ್ರತ್ಯಕ್ಷರಾಗುತ್ತಿದ್ದರು. ಶಾಲೆಯಲ್ಲಿ ಅವರಿಗೆ ಹತ್ತಿಪಾದರು ಎಂದು ಹೆಸರು. ಮನೆಯಲ್ಲೂ ಅದೇ ವ್ರತ. ಹೆಂಡತಿ ಫೋನಿನಲ್ಲಿ ಅಕ್ಕನ ಜೊತೆ ನಾಲ್ಕು ಮಾತಾಡುವಷ್ಟರಲ್ಲಿ ಹಿಂದೆ ನಿಂತು ಗಂಟಲು ಸರಿಮಾಡಿಕೊಳ್ಳುವರು. ಸಕ್ಕರೆ ಕಾಯಿಲೆಯ ತಾಯಿ ಬಿಸ್ಕತ್ತಿನ ಡಬ್ಬಿಗೆ ಕೈ ಹಾಕಿದರೆ ಹಿಡಿದು, ಆ ಬಿಸ್ಕತ್ತನ್ನು ತಾವೇ ತಿಂದು, ಅದನ್ನು ಕರ್ತವ್ಯಪಾಲನೆ ಎನ್ನುವರು.

ಈಗ ಪ್ರಾಂಶುಪಾಲೆ ನಿವೃತ್ತರಾಗಲಿದ್ದರು. ಆ ಕುರ್ಚಿಯ ಮೇಲೆ ಕಣ್ಣಿಟ್ಟೇ ಹತ್ತಿಪಾದರ ಕೂದಲು ನರೆತಿತ್ತು. ಆದರೆ ಆ ಹೆಂಗಸು, "ನನ್ನ ಜಾಗಕ್ಕೆ ಯಾರು ಬೇಕು ಅಂತ ಉಪಾಧ್ಯಾಯರೇ ಹೇಳಲಿ, ಒಬ್ಬೊಬ್ಬರನ್ನೇ ಕರೆದು ಕೇಳ್ತೀನಿ" ಎಂದುಬಿಟ್ಟಿದ್ದರು. ಕೇಳಿದರೆ ಎಲ್ಲರೂ ಗಣಿತದ ಮೇಷ್ಟ್ರ ಹೆಸರು ಹೇಳುತ್ತಾರೆಂಬುದು ಗೋಡೆಗೂ ಗೊತ್ತಿತ್ತು. ಚಕ್ರವರ್ತಿಯನ್ನು ಕೊಂಡದ್ದು ಆ ಸಂಕಟದಲ್ಲಿ.

ಪರಿಣಾಮ ಮೊದಲ ವಾರದಲ್ಲೇ ಕಂಡಿತು.

"ಎಂಟನೇ ಕ್ಲಾಸು ಅಂದ್ರೆ ರಾಕ್ಷಸರ ಗುಂಪು," ಎಂದರು ಊಟಕ್ಕೆ ಕೂತು. "ಈವತ್ತು ನಾನು ಬಾಗಿಲಿಗೆ ಹೋಗೋ ಹೊತ್ತಿಗೆ ಎಲ್ಲರ ಮುಖ ಪುಸ್ತಕದಲ್ಲಿ. ಡ್ರಾಯಿಂಗ್ ಮೇಷ್ಟ್ರು, ದಿನಾ ಗೊರಕೆ ಹೊಡೀತಿದ್ದ ಆಸಾಮಿ, ನಿಂತ್ಕೊಂಡು ಪಾಠ ಮಾಡ್ತಿದ್ದ. ಬೈಯೋಕೆ ಒಬ್ಬರೂ ಸಿಗಲಿಲ್ಲ."

"ಪಾಪ," ಎಂದಳು ಹೆಂಡತಿ. "ಅದಕ್ಕೇ ಹಸಿದು ಬಂದಿದೀರಿ."

"ನಿನಗೆ ಅರ್ಥ ಆಗಲ್ಲ. ಇದಕ್ಕೆ ಪ್ರಭಾವ ಅಂತಾರೆ."

"ಆಗುತ್ತೆ ರೀ. ತಡೀರಿ, ಕಿಟಕಿ ತೆಗೀತೀನಿ. ಪ್ರಭಾವ ಸಾರಿಗೂ ಇಳಿದಿದೆ."

ಮನೆಯೂ ಸುಧಾರಿಸಿತ್ತು. ಅವರು ಒಳಗೆ ಬಂದಾಗ ಫೋನು ತನ್ನ ಜಾಗದಲ್ಲಿ, ತಾಯಿ ಕನ್ನಡಕ ಹಾಕಿಕೊಂಡು ದಪ್ಪನೆಯ ಪುಸ್ತಕದ ಹಿಂದೆ. ಪುಸ್ತಕ ಕೆಲವೊಮ್ಮೆ ತಲೆಕೆಳಗಾಗಿರುತ್ತಿತ್ತು. ಚಕ್ರವರ್ತಿಗಳು ಅಂಥ ಸಣ್ಣ ವಿಷಯ ಗಮನಿಸುವುದಿಲ್ಲ. ಹತ್ತು ದಿನದಲ್ಲಿ ಅವರ ಮೂಗಿಗೆ ವಾಸನೆ ಅಭ್ಯಾಸವಾಗಿ, ಇದೇಕೋ ಸಪ್ಪೆಯಾಯಿತೆಂದು ಎರಡರಷ್ಟು ಸಿಂಪಡಿಸಿಕೊಳ್ಳತೊಡಗಿದರು. ಬೈಗುಳಕ್ಕೆ ಕೆಲಸವಿಲ್ಲದ್ದರಿಂದ ಆಗಾಗ ನಗುತ್ತಲೂ ಇದ್ದರು. ನೋಡಿದವರಿಗೆ ಮೊದಮೊದಲು ಅದು ಹಲ್ಲುನೋವೆಂದು ತೋರಿತು.

ಒಂದು ಸಂಜೆ ಪ್ರಾಂಶುಪಾಲೆ ಕರೆದು ಹೇಳಿದರು. "ನನಗೇ ಆಶ್ಚರ್ಯ. ಒಬ್ಬರೂ ಬಿಡದೆ ನಿಮ್ಮ ಹೆಸರೇ ಹೇಳಿದ್ರು. ಗಣಿತದವರೂ ಸೇರಿ. ನಾಳೆ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರಿಗೆ ಹೇಳಿಬಿಡ್ತೀನಿ."

ಹತ್ತಿಪಾದರು ಆ ಸಂಭ್ರಮದಲ್ಲಿ ಮನೆಗೆ ಬಂದು, ಕನ್ನಡಿಯ ಮುಂದೆ ನಿಂತು, ಸೀಸೆಯಲ್ಲಿದ್ದಷ್ಟನ್ನೂ ಮೈಮೇಲೆ ಸುರಿದುಕೊಂಡು, ನೆರೆದ ಸಭೆಗೆ ವಂದಿಸಿ ಭಾಷಣ ಅಭ್ಯಾಸ ಮಾಡಿದರು. ಮರುದಿನ ಬೆಳಿಗ್ಗೆ ಒತ್ತಿದರೆ ಸೀಸೆ ಬುಸ್ ಎಂದಿತೇ ಹೊರತು ಹನಿ ಬರಲಿಲ್ಲ. ಭಾವಮೈದುನನ ಅಂಗಡಿಗೆ ಓಡಿದರೆ ಬಾಗಿಲು ಹಾಕಿತ್ತು. ಸ್ನಾನ ಮಾಡಿದ ಸಾಮಾನ್ಯ ಮನುಷ್ಯನ ವಾಸನೆ ಹೊತ್ತು, ಅರ್ಧ ಬಟ್ಟೆಯಲ್ಲಿ ಹೊರಬಿದ್ದವರಂತೆ ಶಾಲೆಗೆ ಹೋದರು. ಬೆಳಗಿನ ಹೊತ್ತೆಲ್ಲ ತಮ್ಮ ಕೋಣೆಯ ಬಾಗಿಲು ಮುಚ್ಚಿಕೊಂಡೇ ಕೂತಿದ್ದು, ಮಧ್ಯಾಹ್ನ ಸ್ಟಾಫ್ ರೂಮಿನತ್ತ ನಡೆದರು. ಬೂಟು ಮಾತ್ರ ಹಳೆಯದೇ.

ಬಾಗಿಲಲ್ಲಿ ನಿಂತರು. ಯಾರೂ ತಿರುಗಲಿಲ್ಲ. ಡ್ರಾಯಿಂಗ್ ಮೇಷ್ಟ್ರು ಎರಡು ಕುರ್ಚಿ ಜೋಡಿಸಿ ಮಲಗಿದ್ದರು. ಸಂಗೀತದ ಟೀಚರು ಕರ್ಚೀಫಿನಿಂದ ಕಂಕುಳಿಗೆ ಗಾಳಿ ಬೀಸಿಕೊಳ್ಳುತ್ತ, ತುದಿಗಾಲಲ್ಲಿ ಕೋಣೆ ಸುತ್ತುತ್ತಿದ್ದರು. ಅದು ಯಾರ ನಡಿಗೆಯೆಂದು ಗುರುತಿಸಲು ಹತ್ತಿಪಾದರಿಗೆ ಕೊಂಚ ಹೊತ್ತು ಹಿಡಿಯಿತು. ತಮ್ಮ ನಡಿಗೆಯನ್ನು ಅವರು ಎಂದೂ ಎದುರಿನಿಂದ ನೋಡಿರಲಿಲ್ಲ.

ಪ್ರಾಂಶುಪಾಲೆ ನಕ್ಕು ನಕ್ಕು ಕಣ್ಣೊರೆಸಿಕೊಂಡು ಗಣಿತದ ಮೇಷ್ಟ್ರನ್ನು ಕೇಳಿದರು. "ಅದಿರಲಿ, ಎಲ್ಲರೂ ನಿಮ್ಮನ್ನ ಬಿಟ್ಟು ಅವರನ್ನ ಯಾಕ್ರೀ ಆರಿಸಿದ್ದು?"

"ನಾನು ಬಂದ್ರೆ ಯಾರಿಗೂ ಗೊತ್ತಾಗಲ್ಲ ಮೇಡಂ. ಅವರು ಕೆಳಗೆ ಮೆಟ್ಟಿಲ ಹತ್ರ ಇರೋವಾಗಲೇ ಮೇಲೆ ಲೈಬ್ರರಿಗೆಲ್ಲ ಸುದ್ದಿ ತಲುಪುತ್ತೆ. ಇಂಥ ಪ್ರಾಂಶುಪಾಲರು ಮತ್ತೆ ಸಿಗ್ತಾರಾ?"

"ಗಾಳಿ ಈ ಕಡೆ ಬೀಸಿದ್ರೆ ಗೇಟಿಂದಲೇ ಬರುತ್ತೆ," ಎಂದರು ಡ್ರಾಯಿಂಗ್ ಮೇಷ್ಟ್ರು, ಕಣ್ಣು ತೆರೆಯದೆ. "ಎದ್ದು ಮುಖ ತೊಳ್ಕೊಂಡು, ತಲೆ ಬಾಚ್ಕೊಂಡು ಕ್ಲಾಸಿಗೆ ಹೋಗಬಹುದು."

ಆಗ ಸಂಗೀತದ ಟೀಚರು ತುದಿಗಾಲಲ್ಲಿ ತಿರುಗಿ ಹತ್ತಿಪಾದರ ಎದೆಗೇ ಬಂದು ತಾಗಿದರು.

"ಸರ್," ಎಂದರು ಆಕೆ, ಮೋಸ ಹೋದವರ ದನಿಯಲ್ಲಿ, "ಈವತ್ತು ಹಾಕ್ಕೊಂಡಿಲ್ವಾ?"

ಪ್ರಾಂಶುಪಾಲೆಗೆ ಮಾತ್ರ ಸಂಕೋಚವಾದಂತೆ ಕಾಣಲಿಲ್ಲ. "ಬನ್ನಿ, ಅಭಿನಂದನೆ. ಕುರ್ಚಿ ನಿಮ್ಮದೇ. ಆದ್ರೆ ಇವರೆಲ್ಲ ಯಾವುದನ್ನ ನಂಬಿ ನಿಮ್ಮ ಹೆಸರು ಹೇಳಿದ್ರು ಅಂತ ಈಗ ಕೇಳಿಸ್ಕೊಂಡ್ರಲ್ಲ, ಅದನ್ನ ಒಂದು ದಿನವೂ ತಪ್ಪಿಸಬೇಡಿ. ಆಗಲ್ಲ ಅಂದ್ರೆ ಈಗಲೇ ಹೇಳಿ, ಗಣಿತದವರು ಇದಾರೆ."

ವ್ಯಕ್ತಿತ್ವವಿದ್ದವನಾಗಿದ್ದರೆ ಅಲ್ಲಿಂದ ತಿರುಗಿ ನಡೆಯುತ್ತಿದ್ದ. ಇವರಿಗಿದ್ದದ್ದು ಸೀಸೆ, ಅದೂ ಖಾಲಿ.

"ಅಂಗಡಿ ಮುಚ್ಚಿತ್ತು ಮೇಡಂ," ಎಂದರು ಹತ್ತಿಪಾದರು.

ಮನೆಯಲ್ಲಾದರೂ ಪ್ರಭಾವ ಉಳಿದಿರಬಹುದೆಂದು ಬೇಗ ಹೊರಟು ಬಂದರು. ಹೆಂಡತಿ ಸೋಫಾದ ಮೇಲೆ ಕಾಲು ಚಾಚಿ ಅಕ್ಕನ ಜೊತೆ ಫೋನಿನಲ್ಲಿ ಬಿದ್ದು ಬಿದ್ದು ನಗುತ್ತಿದ್ದಳು. ತಾಯಿಯ ತೊಡೆಯ ಮೇಲೆ ಡಬ್ಬಿ, ಎರಡೂ ಕೈಯಲ್ಲಿ ಬಿಸ್ಕತ್ತು.

"ಇದೇನೋ ಇದು," ಎಂದರು ತಾಯಿ, ಬಾಯಲ್ಲಿದ್ದದ್ದನ್ನು ನುಂಗಿ. "ಹೇಳದೆ ಕೇಳದೆ ಮನೆ ಒಳಗೆ ಬರೋದಾ? ಸೆಂಟೆಲ್ಲಿ?"

"ಅಮ್ಮ, ನಿನಗೂ ಗೊತ್ತಾ?"

"ಈ ಮನೇಲಿ ಮೂಗಿಲ್ಲದೋನು ನೀನೊಬ್ಬನೇ ಕಣೋ."

ಹೆಂಡತಿ "ಆಮೇಲೆ ಮಾಡ್ತೀನಿ ಅಕ್ಕ, ವಾಸನೆ ಇಲ್ಲದೆ ಬಂದುಬಿಟ್ಟಿದಾರೆ" ಎಂದು ಫೋನು ಇಟ್ಟು, ಬೀರುವಿನಿಂದ ಒಂದು ಡಬ್ಬ ತಂದು ಗಂಡನ ಕೈಗಿತ್ತಳು. ಚಕ್ರವರ್ತಿ, ಅತಿ ದೊಡ್ಡ ಗಾತ್ರ.

"ತಮ್ಮನ ಹತ್ರ ಮೊದಲೇ ತೆಗೆಸಿಟ್ಟಿದ್ದೆ. ಮುಗಿದ್ರೆ ನಮಗೆ ಕಷ್ಟ ಆಗುತ್ತಲ್ಲ."

ಈಗ ಅವರು ಪ್ರಾಂಶುಪಾಲರು. ಹೊಸದಾಗಿ ಸೇರುವ ಉಪಾಧ್ಯಾಯರನ್ನು ಎದುರಿಗೆ ಕೂರಿಸಿಕೊಂಡು, ಮನುಷ್ಯ ಬರುವ ಮುಂಚೆ ಅವನ ವ್ಯಕ್ತಿತ್ವ ಬರಬೇಕೆಂದು ಉಪದೇಶಿಸುತ್ತಾರೆ. ಉಪಾಧ್ಯಾಯರು ಉಸಿರು ಬಿಗಿಹಿಡಿದು ಕೇಳುತ್ತಾರೆ. ಸಂಜೆ ಹತ್ತಿಪಾದರು ಬೀದಿಯ ತಿರುವಿಗೆ ಬಂದಾಗ ಮನೆಯೊಳಗೆ ತಾಯಿ ಇನ್ನೊಂದು ಬಿಸ್ಕತ್ತು ತೆಗೆದು, ನಿಧಾನವಾಗಿ ಅಗಿದು, ನೀರು ಕುಡಿದು, ಮುಚ್ಚಳ ಹಾಕುತ್ತಾರೆ. ಅವಸರವೇನಿಲ್ಲ.