ಜಲ್ಲಿ ದಾರಿಯಲ್ಲಿ ಜೋಡಿ ಸವಾರಿ

ಸೈಕಲ್ ಇಟ್ಟುಕೊಂಡವನು ಬಸ್ಸಿಗೆ ಕಾಯುವುದೆಂದರೆ, ಹಿತ್ತಿಲಲ್ಲಿ ಬಾವಿ ಇಟ್ಟುಕೊಂಡು ಪಕ್ಕದ ಮನೆಗೆ ಬಿಂದಿಗೆ ಹಿಡಿದು ಹೋದಂತೆ! ಸಾವಿರದ ಒಂಬೈನೂರ ಅರವತ್ತೆಂಟರ ಒಂದು ಬೆಳಿಗ್ಗೆ, ವಿಜಯಪುರದ ನಮ್ಮ ಮನೆಯ ಜಗುಲಿಯ ಮೇಲೆ ನಿಂತು ನಾನು ಈ ಮಹಾವಾಕ್ಯವನ್ನು ಹೊರಡಿಸಿದೆ. ಕೇಳಿಸಿಕೊಂಡವಳು ನನ್ನ ಹೆಂಡತಿ ಅನುಸೂಯ ಒಬ್ಬಳೇ.

ಅಂದು ಸೂಲಿಬೆಲೆಯ ಹತ್ತಿರದ ಹಳ್ಳಿಗೆ ಕೊಟ್ಟಿದ್ದ ನನ್ನ ತಂಗಿ ಭಾಗ್ಯಮ್ಮನ ಮಗಳಿಗೆ ಕಿವಿ ಚುಚ್ಚುವ ಶಾಸ್ತ್ರ. ಹತ್ತೂವರೆಗೆ ಮುಹೂರ್ತ. ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿಯೇ ಚುಚ್ಚಬೇಕು. ಚಿನ್ನದ ಓಲೆಯನ್ನೂ ಅವನೇ ತರಬೇಕು. ಭಾಗ್ಯನಿಗೆ ಅಣ್ಣನೆಂದು ಇರುವವನು ನಾನೊಬ್ಬ. ನಾನು ಹೋಗದಿದ್ದರೆ ಮಗುವಿಗೆ ಓಲೆಯೂ ಇಲ್ಲ, ತಂಗಿಗೆ ಅತ್ತೆಮನೆಯಲ್ಲಿ ತಲೆಯೆತ್ತುವ ಹಾಗೂ ಇಲ್ಲ.

"ಎಂಟೂವರೆ ಬಸ್ಸಿಗೆ ಹೋಗೋಣ ರೀ," ಎಂದಳು ಅನುಸೂಯ.

"ಆ ಬಸ್ಸು ದಾರೀಲಿ ಸಿಕ್ಕಿದ ಎಮ್ಮೆಗಳನ್ನೆಲ್ಲ ಚೆನ್ನಾಗಿದ್ದೀರಾ ಅಂತ ವಿಚಾರಿಸ್ಕೊಂಡು ಹೋಗುತ್ತೆ! ನನ್ನ ಹತ್ರ ಒಳದಾರಿ ಇದೆ. ಕೆರೆ ಏರಿ ದಾಟಿದ್ರೆ ಗೋಮಾಳ, ಗೋಮಾಳ ದಾಟಿದ್ರೆ ಭಾಗ್ಯನ ಮನೆ."

"ಆ ದಾರೀಲಿ ಯಾವಾಗ್ಲಾದ್ರೂ ಹೋಗಿದ್ದೀರಾ?"

"ಹೋಗಿಲ್ಲ. ಆದ್ರೆ ಇದೆ."

"ಡಬಲ್ಸ್ ಹೋದ್ರೆ ಪೊಲೀಸ್ನೋರು ಹಿಡಿಯಲ್ವಾ?"

ಈ ಪ್ರಶ್ನೆ ಮಾತ್ರ ತೂಕದ್ದು. ಆಗೆಲ್ಲ ಒಂದು ಸೈಕಲ್ ಮೇಲೆ ಇಬ್ಬರು ಕೂತರೆ ಕೇಸು ಹಾಕುತ್ತಿದ್ದರು. ಆದರೆ ನನ್ನಂಥ ಮೇಧಾವಿಗೆ ಅದಕ್ಕೂ ಉಪಾಯ ಹೊಳೆಯದೆ ಇರುತ್ತದೆಯೇ?

"ಪೊಲೀಸ್ ಕಂಡ ತಕ್ಷಣ ಇಳಿದ್ಬಿಡು. ಯಾರೋ ದಾರಿಹೋಕಳ ಥರ ಹಿಂದಿನಿಂದ ನಡ್ಕೊಂಡು ಬಾ. ಏನು ಕೇಳಿದ್ರೂ ನನ್ನ ಗೊತ್ತೇ ಇಲ್ಲ ಅನ್ನು. ಹರಿಶ್ಚಂದ್ರನೇ ಬಂದು ಕೇಳಿದ್ರೂ ಗೊತ್ತಿಲ್ಲ ಅನ್ನು!" ಎಂದು ಮೂರು ಸಲ ಬಾಯಿಪಾಠ ಮಾಡಿಸಿದೆ.

ಓಲೆಯ ಡಬ್ಬಿ, ಮಗುವಿನ ರೇಷ್ಮೆ ಲಂಗ, ಅನುಸೂಯಳ ಜರಿ ಸೀರೆ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ಹ್ಯಾಂಡಲ್ಲಿಗೆ ತೂಗುಹಾಕಿ ಏಳು ಗಂಟೆಗೆ ಹೊರಟೆವು. ಕೆರೆ ಏರಿಯ ಮೇಲೆ ತಣ್ಣನೆ ಗಾಳಿ, ನೀರಿನಲ್ಲಿ ಬೆಳ್ಳಕ್ಕಿ. ಬಸ್ಸಿನವರಿಗೆ ಈ ಭಾಗ್ಯವುಂಟೇ ಎಂದು ನಾನು ಭಾಷಣ ಶುರುಮಾಡಿದೆ. ಭಾಷಣ ಮುಗಿಯುವ ಮೊದಲೇ ಏರಿ ಮುಗಿಯಿತು. ಮುಂದೆ ಕಣ್ಣು ಹಾಯಿಸಿದಷ್ಟೂ ಗೋಮಾಳ. ದಾರಿ ಇಲ್ಲವೆನ್ನುವಂತಿಲ್ಲ; ಐದು ದಾರಿಗಳಿದ್ದವು! ಎಲ್ಲವೂ ದನಗಳು ತಮ್ಮ ಅನುಕೂಲಕ್ಕೆ ಮಾಡಿಕೊಂಡವು. ಕುರಿ ಮೇಯಿಸುತ್ತಿದ್ದ ಮುದುಕನೊಬ್ಬನನ್ನು ವಿಚಾರಿಸಿದೆ.

"ಇಲ್ಲೇ ಕಣಪ್ಪ, ಒಂದು ಕೂಗಳತೆ," ಎಂದ.

ಆ ಕೂಗು ಯಾರದೋ, ಅಳೆದವರು ಯಾರೋ! ಒಂದು ಗಂಟೆ ತುಳಿದ ಮೇಲೆ ಸಿಕ್ಕಿದ್ದು ಹೊಸದಾಗಿ ಮಾಡುತ್ತಿದ್ದ ರಸ್ತೆ. ಮೊಟ್ಟೆ ಗಾತ್ರದ ಜಲ್ಲಿಯನ್ನು ಉದ್ದಕ್ಕೂ ಹರಡಿದ್ದರು. ರೋಲರ್ ಇನ್ನೂ ಓಡಿಸಿರಲಿಲ್ಲ.

"ಇಳಿದು ತಳ್ಕೊಂಡು ಹೋಗೋಣ ರೀ."

"ಜಲ್ಲಿಗೆ ಹೆದರೋ ಸವಾರ ಅಲ್ಲ ನಾನು! ಸೀಟಲ್ಲಿ ಗಟ್ಟಿಯಾಗಿ ಕೂತು, ಹ್ಯಾಂಡಲ್ ಸಡಿಲ ಹಿಡಿದು, ಒಂದೇ ಸಮ ತುಳಿದ್ರೆ..." ಎಂದು ವಿದ್ಯೆಯ ಮರ್ಮವನ್ನೆಲ್ಲ ವಿವರಿಸುತ್ತಾ ಅರ್ಧ ಫರ್ಲಾಂಗು ಹೋದೆ. ಮುಂದಿನ ಚಕ್ರ ಎಡಕ್ಕೆ ಹೊರಟಿತು, ನಾನು ಬಲಕ್ಕೆ ಹೊರಟೆ. ದಢಾರ್! ಬಿದ್ದವನೇ, "ಅಯ್ಯೋ, ಅನುಸೂಯಾ!" ಎಂದು ಕೂಗಿ ತಿರುಗಿ ನೋಡಿದರೆ ಅವಳು ದೂರದಲ್ಲಿ ರಸ್ತೆಯ ಅಂಚಿನ ಮಣ್ಣಿನ ಮೇಲೆ ನಿಧಾನವಾಗಿ ನಡೆದು ಬರುತ್ತಿದ್ದಾಳೆ!

"ನಾನು ಆಗ್ಲೇ ಇಳಿದೆ. ನೀವು ಮಾತಾಡ್ತಿದ್ರಲ್ಲ, ನಡುವೆ ಬಾಯಿ ಹಾಕ್ಬಾರ್ದು ಅಂತ ಸುಮ್ಮನಿದ್ದೆ," ಎಂದಳು.

ಮಂಡಿ ತರಚಿತ್ತು, ಪಂಚೆ ಹರಿದಿತ್ತು, ಹ್ಯಾಂಡಲ್ ಸೊಟ್ಟಗಾಗಿತ್ತು. ಜಲ್ಲಿ ಮುಗಿದ ಮೇಲೆ ಅವಳನ್ನು ಮತ್ತೆ ಹಿಂದೆ ಕೂರಿಸಿಕೊಂಡು, ಹಾಗೇ ಇನ್ನೊಂದು ಮೈಲಿ ಹೋದಾಗ ಸಂತೆ ಸೇರಿದ್ದ ಒಂದು ಕ್ರಾಸು ಕಂಡಿತು. ಅಲ್ಲಿ, ಹುಣಸೆಮರದ ಕೆಳಗೆ, ಒಬ್ಬ ಪೊಲೀಸ್! ಅನುಸೂಯ ತಟಕ್ಕನೆ ಇಳಿದು ಹಿಂದೆ ಉಳಿದಳು. ನಾನು ಗಂಭೀರವಾಗಿ ಮುಂದೆ ಬಂದೆ.

"ನಿಲ್ಲಪ್ಪ," ಎಂದ ಪೊಲೀಸ್. ಅವನ ಹೆಸರು ಮುನಿವೆಂಕಟಪ್ಪ ಎಂದು ಆಮೇಲೆ ತಿಳಿಯಿತು. ಹೋದ ಸಂತೆಯಲ್ಲಿ ಯಾರದೋ ಒಡವೆ ಕಳುವಾಗಿತ್ತಂತೆ. ರಕ್ತ ಸೋರುವ ಮಂಡಿ, ಹರಿದ ಪಂಚೆ, ಮೈಯೆಲ್ಲ ಧೂಳು. ಅನುಮಾನ ಬಾರದೆ ಇರುತ್ತದೆಯೇ? ಚೀಲ ಬಿಚ್ಚಿಸಿದ. ಜರಿ ಸೀರೆ! ಚಿನ್ನದ ಓಲೆ!

"ಯಾರ್ದು ಇದೆಲ್ಲ?"

"ಸೀರೆ ನನ್ನ ಹೆಂಡ್ತೀದು ಸಾರ್."

"ಹೆಂಡ್ತಿ ಎಲ್ಲಿ?"

"ಬಸ್ಸಲ್ಲಿ ಮುಂದೆ ಹೋದಳು."

"ಬಸ್ಸು ಇವತ್ತು ಇನ್ನೂ ಬಂದೇ ಇಲ್ವಲ್ಲ?"

ಬಸ್ಸಿನಲ್ಲಿ ಬಂದಿದ್ದರೆ ನನ್ನನ್ನು ಬಲ್ಲವರು ಹತ್ತು ಜನ ಜೊತೆಗಿರುತ್ತಿದ್ದರು. ಒಳದಾರಿ ಹಿಡಿದು ಬಂದು ಸೇರಿದ ಈ ಕ್ರಾಸಿನಲ್ಲಿ ಒಂದು ನರಪಿಳ್ಳೆಗೂ ನನ್ನ ಗುರುತಿಲ್ಲ! ಅಷ್ಟರಲ್ಲಿ ಅನುಸೂಯ ತಲೆಯ ಮೇಲೆ ಸೆರಗು ಹೊದ್ದು, ಪರಲೋಕದ ಯಾತ್ರಿಕಳಂತೆ ನಮ್ಮನ್ನು ದಾಟಿ ಹೋಗುತ್ತಿದ್ದಳು.

"ಅವಳೇ ಸಾರ್, ಅವಳೇ ನನ್ನ ಹೆಂಡ್ತಿ!"

"ಏನಮ್ಮ, ಇವನು ನಿಮಗೆ ಗೊತ್ತಾ?"

ಅನುಸೂಯ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಗೊತ್ತಿಲ್ಲ ಸ್ವಾಮಿ," ಎಂದಳು.

ಮದುವೆಯಾಗಿ ಎಂಟು ವರ್ಷದಲ್ಲಿ ಒಂದು ದಿನವೂ ನನ್ನ ಮಾತು ಕೇಳದವಳು, ಅಂದು ಅಕ್ಷರಶಃ ಪಾಲಿಸಿದಳು!

"ಲೇ, ನಿಜ ಹೇಳೇ! ನಾನು ಕಣೇ!"

"ನೋಡಿ ಸ್ವಾಮಿ, ದಾರೀಲಿ ಹೋಗೋ ಹೆಂಗಸರನ್ನ ಹೀಗಾ ಮಾತಾಡ್ಸೋದು?"

ಸಂತೆಯ ಜನವೆಲ್ಲ ಸುತ್ತ ಸೇರಿತು. ಮುನಿವೆಂಕಟಪ್ಪ ನನ್ನ ರಟ್ಟೆ ಹಿಡಿದು, "ನಡಿ ಸ್ಟೇಷನ್ನಿಗೆ," ಎಂದ. ಟೀ ಅಂಗಡಿಯ ಗಡಿಯಾರದಲ್ಲಿ ಒಂಬತ್ತೂ ನಲವತ್ತು. ಬಾಗಿಲಲ್ಲಿ ನಿಂತು ದಾರಿ ನೋಡುತ್ತಿರುವ ಭಾಗ್ಯ ಕಣ್ಣಿಗೆ ಕಟ್ಟಿದಳು. ನನಗೆ ನಿಜವಾಗಿಯೂ ಅಳು ಬಂತು. ಅದನ್ನು ನೋಡಿ ಅನುಸೂಯ ಮುಂದೆ ಬಂದಳು.

"ಬಿಡಿ ಸ್ವಾಮಿ, ಇವರು ನಮ್ಮ ಯಜಮಾನ್ರೇ. ಗೊತ್ತಿಲ್ಲ ಅನ್ನು ಅಂತ ಇವರೇ ಹೇಳ್ಕೊಟ್ಟಿದ್ರು."

"ಹಾಗಾದ್ರೆ ಹೆಸರು ಹೇಳಿ."

ಅನುಸೂಯ ಬಾಯಿಗೆ ಸೆರಗು ಮುಚ್ಚಿಕೊಂಡಳು. "ಗಂಡನ ಹೆಸರು ಹೇಗೆ ಹೇಳ್ಲಿ? ಬೇರೆ ಏನು ಬೇಕಾದ್ರೂ ಹೇಳ್ತೀನಿ. ಅಂಗಿ ಬಿಚ್ಚಿಸಿ ನೋಡಿ, ಬನಿಯನ್ ಬೆನ್ನಲ್ಲಿ ಮೂರು ತೂತಿದೆ. ಕೆಂಪು ದಾರದಲ್ಲಿ ನಾನೇ ಹೊಲಿದಿದ್ದು."

ಸಂತೆಯ ನಡುವೆ ನನ್ನ ಅಂಗಿ ಬಿಚ್ಚಿಸಿದರು. ಮೂರು ತೂತು, ಕೆಂಪು ದಾರ!

"ಸೊಂಟದಲ್ಲಿ ಪಂಚೆ ಮಡಿಕೆ ಬಿಚ್ಚಿ ನೋಡಿ. ಪೇಪರಲ್ಲಿ ಸುತ್ತಿದ ನಾಲ್ಕು ಸಿಗರೇಟಿದೆ. ಅದು ನನಗೆ ಗೊತ್ತಿಲ್ಲ ಅಂತ ಇವರು ತಿಳ್ಕೊಂಡಿದ್ದಾರೆ."

ಎಣಿಸಿದರು. ನಾಲ್ಕು!

ಮುನಿವೆಂಕಟಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಇಷ್ಟೆಲ್ಲ ಹೆಂಡ್ತಿಗೆ ಮಾತ್ರ ಗೊತ್ತಿರುತ್ತೆ, ಹೋಗಪ್ಪ!" ಎಂದು ರಟ್ಟೆ ಬಿಟ್ಟ. ಕಿವಿ ಚುಚ್ಚುವ ವಿಷಯ ಕೇಳಿದವನೇ ಸೈಕಲ್ಲಿನ ಮುಂದಿನ ಚಕ್ರವನ್ನು ಎರಡು ಮಂಡಿಗಳ ನಡುವೆ ಇರುಕಿಸಿಕೊಂಡು, ಹ್ಯಾಂಡಲ್ ತಿರುಚಿ ನೆಟ್ಟಗೆ ಮಾಡಿಕೊಟ್ಟ. ದಾರಿ ತೋರಿಸಿದ. ಆಮೇಲೆ ರಸ್ತೆಗೆ ಬೆನ್ನು ಮಾಡಿ, ಹುಣಸೆಮರದ ಕಡೆ ತಿರುಗಿ ನಿಂತ.

"ನಾನು ಕಾಯಿ ಎಣಿಸ್ತಿರ್ತೀನಿ. ನನ್ನ ಹಿಂದೆ ಯಾರು ಎಷ್ಟು ಜನ ಕೂತ್ಕೊಂಡು ಹೋದ್ರೂ ನನಗೆ ಕಾಣಲ್ಲ. ಬೇಗ ಹೋಗ್ರಪ್ಪ!"

ಆ ಪುಣ್ಯಾತ್ಮ ಎಲ್ಲಿದ್ದರೂ ತಣ್ಣಗಿರಲಿ. ಹತ್ತೂ ಇಪ್ಪತ್ತೈದಕ್ಕೆ ಭಾಗ್ಯನ ಮನೆ ಮುಟ್ಟಿದೆವು. ಹರಿದ ಪಂಚೆಯ ಸೋದರಮಾವನ ತೊಡೆಯ ಮೇಲೆ ಕೂತು ಮಗು ಕಿವಿ ಚುಚ್ಚಿಸಿಕೊಂಡಿತು, ಊರಿಗೆಲ್ಲ ಕೇಳುವಂತೆ ಅತ್ತಿತು. ಭಾಗ್ಯ, "ಬಂದ್ಯಲ್ಲ ಅಣ್ಣಯ್ಯ, ಸಾಕು," ಎಂದು ಕಣ್ಣೊರೆಸಿಕೊಂಡಳು. ನಾನೂ ಒರೆಸಿಕೊಂಡೆ.

ಮಧ್ಯಾಹ್ನ ಊಟ ಮುಗಿಸಿ ವಾಪಸು ಹೊರಟೆವು. ಜಲ್ಲಿ ಬಂದಾಗ ಈ ಸಲ ತೆಪ್ಪಗೆ ಇಳಿದು ಸೈಕಲ್ ತಳ್ಳಿದೆ. ಪಕ್ಕದಲ್ಲಿ ಅನುಸೂಯ ನಡೆಯುತ್ತಿದ್ದಳು.

"ಸಿಗರೇಟಿನ ವಿಷಯ ಎಷ್ಟು ದಿನದಿಂದ ಗೊತ್ತು?"

"ಮದುವೆಯಾದ ವಾರದಿಂದ."

"ಮತ್ತೆ ಒಂದು ಮಾತೂ ಆಡ್ಲಿಲ್ಲ?"

"ಪಾಪ, ಅಷ್ಟು ಕಷ್ಟಪಟ್ಟು ಬಚ್ಚಿಡ್ತಿದ್ರಿ. ನಿಮಗೇಕೆ ಬೇಜಾರು ಮಾಡೋದು ಅಂತ."

ಇಂಥ ಹೆಂಡತಿಯನ್ನು ಪಡೆಯಲು ನಾನು ಯಾವ ಜನ್ಮದಲ್ಲಿ ಏನು ಪುಣ್ಯ ಮಾಡಿದ್ದೆನೋ! ಆ ಕ್ಷಣವೇ ಸಿಗರೇಟಿನ ಪೊಟ್ಟಣ ತೆಗೆದು, ಜಲ್ಲಿ ರಾಶಿಯಾಚೆ ಎಸೆಯಲು ಕೈ ಎತ್ತಿದೆ. ಅನುಸೂಯ ಕೈ ಹಿಡಿದಳು.

"ಬಿಸಾಡ್ಬೇಡಿ ರೀ, ಇಟ್ಕೊಳ್ಳಿ. ಇನ್ನೊಂದ್ಸಲ ಪೊಲೀಸ್ನೋರು ಹಿಡಿದ್ರೆ, ನೀವು ನನ್ನ ಗಂಡ ಅಂತ ತೋರ್ಸೋಕೆ ನನ್ನ ಹತ್ರ ಬೇರೆ ಏನಿದೆ?"