ನಮ್ಮ ಮನೆ ಫೋನಿನ ಕರಕರ

ಅವತ್ತು ಶನಿವಾರ, ಬೆಳಗಿನ ಶಾಲೆ. ನಾನು ಪಾಠ ಮುಗಿಸಿ ಮನೆಗೆ ಬಂದಾಗ ಫೋನಿನ ರಿಸೀವರ್ ಮೇಜಿನ ಮೇಲೆ ಮಲಗಿತ್ತು. ಅದರಲ್ಲೇನೂ ವಿಶೇಷವಿರಲಿಲ್ಲ. ನನ್ನ ಹೆಂಡತಿ ಯಸಳೂರಿನಲ್ಲಿರುವ ತನ್ನ ಅಕ್ಕನ ಜೊತೆ ದಿನವೂ ಮಾತನಾಡುತ್ತಿದ್ದಳು. ನಡುವೆ "ತಡಿಯಕ್ಕ, ಹಾಲು ಇಟ್ಟಿದೀನಿ" ಎಂದು ರಿಸೀವರನ್ನು ಹಾಗೇ ಬಿಟ್ಟು ಅಡುಗೆಮನೆಗೆ ಓಡುತ್ತಿದ್ದಳು. ಅವತ್ತೂ ಹಾಗೆಯೇ ಹೋಗಿದ್ದಾಳೆ. ಹಾಲು ಸೀದುಹೋಗಿತ್ತು. ಅವಳು ಒಲೆಯ ಪಕ್ಕದಲ್ಲಿ ಬಿದ್ದಿದ್ದಳು. ಹೃದಯ ನಿಂತಿದೆ ಎಂದರು ಡಾಕ್ಟರು. ಅತ್ತ ಯಸಳೂರಿನಲ್ಲಿ ಅಕ್ಕ ಕಾದು ಕಾದು, "ಮರ್ತೇಬಿಟ್ಲು ನೋಡು" ಎಂದು ಬೈದುಕೊಂಡು ಫೋನ್ ಇಟ್ಟಿದ್ದರು.

ಕರ್ಮಾಂತರಗಳು ಮುಗಿದ ಮೇಲೆ ಅಕ್ಕ ಸಂಜೆ ಹೊತ್ತು ನನಗೆ ಫೋನ್ ಮಾಡತೊಡಗಿದರು. ನಮಗೆ ಮಕ್ಕಳಿಲ್ಲ. ಶಾಲೆ ಬಿಟ್ಟರೆ ನನ್ನ ಕಿವಿಗೆ ಬೀಳುವ ಮನುಷ್ಯರ ದನಿ ಅದೊಂದೇ ಆಯಿತು. ಆ ಮಳೆಗಾಲದಲ್ಲೇ ಫೋನಿನೊಳಗೆ ಕರಕರ ಎಂಬ ಶಬ್ದ ಶುರುವಾಗಿ, ದಿನದಿಂದ ದಿನಕ್ಕೆ ಅಕ್ಕನ ದನಿಯನ್ನು ತಿನ್ನುತ್ತ ಬಂತು. ಆ ದನಿಯೂ ಹೋಗುವುದು ನನಗೆ ಬೇಕಿರಲಿಲ್ಲ. ಲೈನ್‌ಮನ್‌ಗೆ ಹೇಳಿ ಕಳಿಸಿದೆ. ಸಾವಾದ ಮನೆಗೆ ನಗುವ ಸಂಗತಿಗಳು ಬರುವುದಿಲ್ಲ ಎಂದುಕೊಂಡಿದ್ದೆ. ಅವು ಲೈನ್‌ಮನ್ ಹಿಂದೆಯೇ ಬಂದವು.

ಚಕ್ಕುಲಿ

ಲೈನ್‌ಮನ್ ಕೊಡೆಯನ್ನು ಹೊರಗೆ ಸಿಕ್ಕಿಸಿ, ಒಳಗೆ ಬಂದು, ಫೋನಿಗೆ ನನ್ನ ಹೆಂಡತಿ ಹೆಣೆದಿದ್ದ ದಾರದ ಹೊದಿಕೆಯನ್ನು ಎರಡು ಬೆರಳಲ್ಲಿ ಎತ್ತಿಟ್ಟ. "ಇದಕ್ಕೆ ಸ್ವೆಟರ್ ಬೇರೆ" ಎಂದ. ಮಾತಾಡುವ ಕಡೆಯ ಮುಚ್ಚಳ ತಿರುಗಿಸಿದ. ಒಳಗಿಂದ ಇರುವೆಗಳ ಸಾಲು ಹೊರಟಿತು. ಅವುಗಳ ಹಿಂದೆ ಏನೋ ಪುಡಿ.

ಅವನು ಪುಡಿಯನ್ನು ಮೂಸಿ ನೋಡಿದ. "ಸಾರ್, ಫೋನಿಗೆ ಚಕ್ಲಿ ತಿನ್ಸಿದೀರಾ?"

ನಾನು ತಿನ್ನಿಸಿರಲಿಲ್ಲ. ಅವನು ಉಫ್ ಎಂದು ಊದಿ, ಮುಚ್ಚಳ ಹಾಕಿ, "ಇಷ್ಟೇ, ಇನ್ನು ಗಂಟೆ ಹೊಡ್ದಂಗೆ ಕೇಳ್ತದೆ" ಎಂದು ಹೋದ.

ಸಂಜೆ ಅಕ್ಕನಿಗೆ ವಿಷಯ ಹೇಳಿದೆ. ಕರಕರದ ನಡುವೆ ಅವರು ಹೇಳಿದರು: "ಅವ್ಳು ನನ್ ಜೊತೆ ಮಾತಾಡೋವಾಗ ಬಾಯಿ ಖಾಲಿ ಇದ್ದಿದ್ದೇ ಇಲ್ಲ ಮೇಷ್ಟ್ರೇ. ಹಬ್ಬಕ್ಕೆ ಚಕ್ಲಿ ಕರಿಯೋವಾಗ ಒಂದೊಂದನ್ನ ಫೋನ್ ಹತ್ರ ಮುರಿಯೋಳು. ಶಬ್ದ ಕೇಳಿ ನಾನು, ಇನ್ನೊಂಚೂರು ಬೇಯ್ಬೇಕು ಕಣೆ ಅಂತ ಹೇಳ್ತಿದ್ದೆ."

ನಮ್ಮ ಮನೆಯ ಚಕ್ಕುಲಿಯ ಹದ ಯಸಳೂರಿನಲ್ಲಿ ತೀರ್ಮಾನವಾಗುತ್ತಿತ್ತು ಎಂದು ನನಗೆ ಅವತ್ತೇ ಗೊತ್ತಾದದ್ದು.

ಉಪ್ಪಿಟ್ಟು

ಕರಕರ ಹೋಗಲಿಲ್ಲ. ಲೈನ್‌ಮನ್ ಮತ್ತೆ ಬಂದ, ಕೊಡೆ ಸಿಕ್ಕಿಸಿದ, ಎಲ್ಲಿಯೋ ಒಂದು ಜಾಯಿಂಟ್ ಬಿಚ್ಚಿ ಕಟ್ಟಿದ. ಅಂದಿನಿಂದ ಕರಕರದ ಜೊತೆಗೆ ಪಕ್ಕದ ಎಸ್ಟೇಟಿನ ರೈಟರ್ ದನಿಯೂ ನಮ್ಮ ಫೋನಿನಲ್ಲಿ ಬರತೊಡಗಿತು. ರೈಟರ್ ಎಂದರೆ ಎಸ್ಟೇಟಿನ ಲೆಕ್ಕ, ಆಳುಗಳ ಹಾಜರಿ ನೋಡುವವರು. ಒಳ್ಳೆಯ ಮನುಷ್ಯ, ದೊಡ್ಡ ಗಂಟಲು.

ಒಂದು ಸಂಜೆ ನಾನೂ ಅಕ್ಕನೂ ಫೋನಿನಲ್ಲಿ ಮಾತಾಡುತ್ತಿದ್ದಾಗ ನಡುವೆ ರೈಟರ್ ಯಾರಿಗೋ ಹೇಳುತ್ತಿದ್ದರು: "ನಮ್ ಪಕ್ಕದ ಮೇಷ್ಟ್ರು ಪಾಪ ಕಣ್ರೀ. ಬೆಳಿಗ್ಗೆ ಉಪ್ಪಿಟ್ಟು, ರಾತ್ರಿನೂ ಅದೇ ಉಪ್ಪಿಟ್ಟು. ಮನೆ ಮುಂದೆ ಹೋದ್ರೆ ಸಾಕು, ಬರೀ ರವೆ ಹುರಿಯೋ ವಾಸ್ನೆ."

ಅಕ್ಕ ಸುಮ್ಮನಿರಲಿಲ್ಲ. "ಯಾರ್ರೀ ಅದು? ನಮ್ ಮೇಷ್ಟ್ರ ಊಟ ತಗಂಡು ನಿಮಗೇನಾಗ್ಬೇಕು?"

ರೈಟರ್ ದನಿ ಕತ್ತರಿಸಿದ ಹಾಗೆ ನಿಂತಿತು. ಅಕ್ಕನ ಮಾತು ನನ್ನ ಕಡೆ ತಿರುಗಿತು. "ಹೌದಾ ಮೇಷ್ಟ್ರೇ? ರಾತ್ರಿನೂ ಉಪ್ಪಿಟ್ಟೇನಾ?"

ಕರಕರ ಜಾಸ್ತಿಯಾಗಿದೆ, ಕೇಳುತ್ತಿಲ್ಲ ಎಂದೆ.

ಮರುದಿನ ರೈಟರ್ ಬಾಳೆಲೆಯಲ್ಲಿ ಸುತ್ತಿದ ಅಕ್ಕಿರೊಟ್ಟಿಯನ್ನು ತಾವೇ ತಂದುಕೊಟ್ಟು, ಅಂಗಳದಲ್ಲೇ ನಿಂತು, ನಾನು ಏನೂ ಕೇಳುವ ಮೊದಲೇ ಹೇಳಿದರು: "ನಿನ್ನೆ ಮಾತಾಡಿದ್ದು ನಾನಲ್ಲ ಸಾರ್."

ಚಾಪೆ

ಮೂರನೆಯ ಸಲ ಲೈನ್‌ಮನ್ ಸಂಜೆಯೇ ಬಂದ. ಅಕ್ಕ ಆಗಷ್ಟೇ ಫೋನ್ ಮಾಡಿದ್ದರು. ಅವನು ಸೂರಿನ ಬಳಿ ಏಣಿ ಹತ್ತಿ, "ಸಾರ್, ಬೇಗ ಬನ್ನಿ, ಏಣಿ ಜಾರ್ತೈತೆ" ಎಂದು ಕೂಗಿದ. ನಾನು "ಒಂದ್ನಿಮಿಷ ಅಕ್ಕ" ಎಂದು ರಿಸೀವರನ್ನು ಮೇಜಿನ ಮೇಲೆ ಇಟ್ಟು ಓಡಿದೆ.

ಏಣಿ ಹಿಡಿದದ್ದೇ ಹಿಡಿದದ್ದು. ಅವನು ಮೇಲೆ ನಿಂತು ತಂತಿ ಕೆರೆಯುತ್ತ, ತನ್ನ ಬೀಗರ ಮನೆಯ ಜಗಳವನ್ನು ಮೊದಲಿಂದ ಹೇಳುತ್ತಿದ್ದ. ನಾನು ಕೇಳುತ್ತಿದ್ದೆ. ನನಗೂ ಯಾರಾದರೂ ಏನಾದರೂ ಹೇಳುತ್ತಿದ್ದರೆ ಸಾಕಾಗಿತ್ತು.

ಅಷ್ಟರಲ್ಲಿ ಎಸ್ಟೇಟಿನ ಜೀಪು ಅಂಗಳಕ್ಕೇ ನುಗ್ಗಿತು. ರೈಟರ್ ಇಳಿದರು. ಹಿಂದಿನಿಂದ ಎಸ್ಟೇಟಿನ ಆಳುಗಳು ಇಳಿದರು. ಹೆಂಗಸರು ಸೆರಗನ್ನು ಆಗಲೇ ಬಾಯಿಗೆ ಒತ್ತಿಕೊಂಡಿದ್ದರು. ಎಲ್ಲರೂ ನನ್ನನ್ನು ನೋಡಿ ನಿಂತರು.

"ಇದೀರಾ ಸಾರ್?" ಎಂದರು ರೈಟರ್.

"ಇದೀನಿ."

ಅಕ್ಕ ನಮ್ಮ ಫೋನಿನಲ್ಲಿ ಬರೀ ಕರಕರ ಕೇಳುತ್ತ ಸ್ವಲ್ಪ ಹೊತ್ತು ಇದ್ದು, ತಮ್ಮ ಪಕ್ಕದ ಮನೆಯ ಫೋನಿನಿಂದ ಎಸ್ಟೇಟಿಗೆ ಹೇಳಿದ್ದರಂತೆ. ನಮ್ಮ ಲೈನಿನಲ್ಲಿದ್ದ ತಮ್ಮ ಫೋನನ್ನು ಮಾತ್ರ ಇಟ್ಟಿರಲಿಲ್ಲ. ನಾನು ಒಳಗೆ ಹೋಗಿ "ಅಕ್ಕ" ಎಂದಾಗ ಆ ಕಡೆಯಿಂದ ಮೊದಲು ಉಸಿರು ಬಂತು, ಆಮೇಲೆ ಬೈಗುಳ ಬಂತು.

ಬಂದವರಿಗೆಲ್ಲ ಕಾಫಿ ಮಾಡಿಕೊಟ್ಟೆ. ಅಷ್ಟು ಜನ ಆ ಮನೆಯಲ್ಲಿ ಕೂತು ಬಹಳ ದಿನವಾಗಿತ್ತು. ಹೊರಡುವಾಗ ನೋಡಿದೆ: ಜೀಪಿನಲ್ಲಿ ಸುತ್ತಿಟ್ಟ ಹೊಸ ಚಾಪೆಯೊಂದಿತ್ತು. ರೈಟರ್ ಅದನ್ನು ಕಾಲಿನಿಂದ ಸೀಟಿನ ಕೆಳಗೆ ತಳ್ಳಿದರು.

ಕಂಬ

ನಾಲ್ಕನೆಯ ಸಲ ಬಂದಾಗ ಮಳೆ ಬಿಟ್ಟಿತ್ತು. ಲೈನ್‌ಮನ್ ಹೋಗುವಾಗ ಕೊಡೆ ತೆಗೆದುಕೊಳ್ಳಲು ಬಗ್ಗಿದವನು ಹಾಗೇ ತಲೆಯೆತ್ತಿ ನೋಡಿದ. ಅವನು ಪ್ರತಿ ಸಲ ಕೊಡೆ ಸಿಕ್ಕಿಸುತ್ತಿದ್ದದ್ದು ನಮ್ಮ ಗೇಟಿನ ಬಳಿಯ ಫೋನ್ ಕಂಬಕ್ಕೆ ಹಬ್ಬಿದ್ದ ಮೆಣಸಿನ ಬಳ್ಳಿಗೆ. ಬಳ್ಳಿ ತುದಿಯವರೆಗೂ ಏರಿ, ತಂತಿ ಕಟ್ಟುವ ಪಿಂಗಾಣಿ ಬಟ್ಟಲುಗಳನ್ನು ಮುಚ್ಚಿ, ಒದ್ದೆ ಎಲೆಗಳನ್ನು ತಂತಿಯ ಮೇಲೆ ಒರಗಿಸಿಕೊಂಡಿತ್ತು. ಕರಕರ ಅಲ್ಲಿತ್ತು.

"ಸಾರ್, ಇದು ಫೋನ್ ಕಂಬ."

"ಗೊತ್ತು."

"ಇದಕ್ಕೆ ಮೆಣಸು ಹಬ್ಸಿದ್ದು ಯಾರು?"

"ನಮ್ಮನೆಯವಳು."

ನಮ್ಮ ಕಡೆ ಖಾಲಿ ನಿಂತ ಯಾವುದನ್ನು ಕಂಡರೂ ಮೆಣಸಿನ ಬಳ್ಳಿ ನೆಡುವುದು ರೂಢಿ. ಕಂಬ ನೆಟ್ಟ ವಾರವೇ ಅವಳು ಬುಡದಲ್ಲಿ ಕುಡಿ ಊರಿದ್ದಳು. ಲೈನ್‌ಮನ್ ಕತ್ತಿ ಕೇಳಿದ. ನಾನು ಕೊಡಲಿಲ್ಲ. ಬಳ್ಳಿ ಇದ್ದರೆ ಅಕ್ಕನ ದನಿ ಇಲ್ಲ, ದನಿ ಬೇಕಾದರೆ ಬಳ್ಳಿ ಇಲ್ಲ. ತೀರ್ಮಾನ ನನ್ನೊಬ್ಬನದಲ್ಲ ಎಂದು ಅಕ್ಕನಿಗೆ ಫೋನ್ ಮಾಡಿದೆ.

"ಅವ್ಳು ನೆಟ್ಟಿದ್ದನ್ನ ಕಡಿಯೋನು ಯಾವನು? ಕೊಡಿ ಅವ್ನ ಕೈಗೆ" ಎಂದರು.

ಲೈನ್‌ಮನ್ ರಿಸೀವರನ್ನು ಕಿವಿಗೆ ಇಟ್ಟ, ಬೇಗ ದೂರ ಹಿಡಿದ. ಮತ್ತೆ ಹತ್ತಿರ ತಂದು ಬಹಳ ವಿನಯದಿಂದ ಹೇಳಿದ: "ಏನೂ ಕೇಳಿಸ್ತಿಲ್ಲ ಅಮ್ಮ. ಲೈನ್ ಸರಿ ಇಲ್ಲ."

ಆದರೆ ಕೇಳಿಸಿತ್ತು. ಹೊರಗೆ ಹೋಗಿ ಕಂಬವನ್ನೂ ಅದರ ಪಕ್ಕದಲ್ಲಿ ಕಂಬದಷ್ಟೇ ನೆಟ್ಟಗೆ ಬೆಳೆದಿದ್ದ ಸಿಲ್ವರ್ ಮರವನ್ನೂ ನೋಡುತ್ತ ಬೀಡಿ ಸೇದಿದ. ಆಮೇಲೆ ಏಣಿ ಹಾಕಿ, ತಂತಿಯನ್ನು ಕಂಬದಿಂದ ಬಿಚ್ಚಿ, ಬಟ್ಟಲುಗಳ ಸಮೇತ ಮರಕ್ಕೆ ಕಟ್ಟಿದ. ಕಂಬ ಮೆಣಸಿಗಾಯಿತು, ಮರ ಫೋನಿಗಾಯಿತು.

"ಮೇಲಿನವರು ಬಂದು ನೋಡಿದರೆ?" ಎಂದು ಕೇಳಿದೆ.

"ಬಳ್ಳಿ ಇರೋದು ಮರ, ತಂತಿ ಇರೋದು ಕಂಬ ಅಂತೀನಿ ಸಾರ್. ಸಾಹೇಬ್ರು ಬಯಲುಸೀಮೆಯವ್ರು."

ಅವತ್ತು ಸಂಜೆ ಫೋನ್ ಬಂತು. ಅಕ್ಕನ ಮನೆಯ ಗೋಡೆ ಗಡಿಯಾರದ ಟಿಕ್‌ಟಿಕ್ ಕೂಡ ಕೇಳುತ್ತಿತ್ತು.

"ಕರಕರ ಹೋಯ್ತಲ್ಲ ಮೇಷ್ಟ್ರೇ."

"ಹೋಯ್ತು ಅಕ್ಕ."

ಇಷ್ಟು ದಿನ ನಾವು ಮಾತಾಡುತ್ತಿದ್ದದ್ದು ಬಹುಮಟ್ಟಿಗೆ ಅದರ ಬಗ್ಗೆಯೇ. ಇಬ್ಬರೂ ಸ್ವಲ್ಪ ಹೊತ್ತು ಗಡಿಯಾರ ಕೇಳಿದೆವು.

"ಊಟಕ್ಕೇನು?"

"ಉಪ್ಪಿಟ್ಟು."

ಅವರು ನಕ್ಕರು. ಅವಳು ಹೋದ ಮೇಲೆ ಅವರ ನಗು ಕೇಳಿದ್ದು ಅದೇ ಮೊದಲು.

"ಸರಿ, ಇಡಿ ಮೇಷ್ಟ್ರೇ."

"ನೀವಿಡಿ ಅಕ್ಕ."

"ಇಲ್ಲ, ನೀವಿಡಿ."

ನಾನು ಇಟ್ಟೆ. ಅಕ್ಕ ಈಗ ಯಾವತ್ತೂ ಮೊದಲು ಫೋನ್ ಇಡುವುದಿಲ್ಲ.