ಫ್ರೀ ಬಸ್ಸಿನಲ್ಲಿ ದುಡ್ಡು ಕೊಡಲು ಹೋಗಿದ್ದು

ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೂ ಟಿಕೆಟ್ಟಿಗೆ ದುಡ್ಡು ಕೊಡುವ ಹೆಂಗಸು ಎನ್.ಆರ್. ಕಾಲೋನಿಯಲ್ಲಿ ನಾನೊಬ್ಬಳೇ ಇರಬೇಕು. ಇದು ಕೊಬ್ಬು ಎನ್ನುತ್ತಾರೆ ನಮ್ಮ ಯಜಮಾನರು. ಇರಬಹುದು. ನಮ್ಮಪ್ಪ ಬಳೇಪೇಟೆಯಲ್ಲಿ ಕೈಗಾಡಿ ತಳ್ಳುತ್ತಿದ್ದರು. ನಾನು ಓದಿದ್ದು ಬಿಟ್ಟಿ ಹಾಸ್ಟೆಲಿನಲ್ಲಿ. "ಏನಪ್ಪಾ, ಮಗಳ ಬಿಟ್ಟಿ ಓದು ಎಲ್ಲಿಗೆ ಬಂತು?" ಎಂದು ಅಂಗಡಿಯವರು ಅಪ್ಪನನ್ನು ಕೇಳಿ ನಗುತ್ತಿದ್ದರು. ನಮ್ಮ ವಂಶದಲ್ಲೇ ಮೊದಲ ಡಿಗ್ರಿ ನನ್ನದು. ಅದು ಕೈಗೆ ಬಂದ ದಿನವೇ ತೀರ್ಮಾನಿಸಿದೆ, ಇನ್ನು ಈ ಜನ್ಮದಲ್ಲಿ ಬಿಟ್ಟಿ ಏನೂ ಬೇಡ.

ಆ ಸರ್ಟಿಫಿಕೇಟು, ಪಕ್ಕದಲ್ಲಿ ಕರಿ ಗೌನು ತೊಟ್ಟ ನನ್ನ ಫೋಟೋ, ಎರಡಕ್ಕೂ ಸೇರಿ ಒಂದೇ ಫ್ರೇಮು. ಮೊನ್ನೆ ಧೂಳು ಹೊಡೆಯುವಾಗ ಬಿದ್ದು ಗಾಜು ಒಡೆಯಿತು. ಪೇಪರಿನಲ್ಲಿ ಸುತ್ತಿಕೊಂಡು, ಹೊಸ ಗಾಜು ಹಾಕಿಸಲು ನಗರ್ತಪೇಟೆಗೆ ಹೊರಟೆ.

"ಫೋನ್ ಚಾರ್ಜ್ ಆಗ್ತಿದೆ, ಸ್ವಲ್ಪ ಇರು. ಆಧಾರ್ ಆದ್ರೂ ಇಟ್ಕೊ," ಎಂದರು ಯಜಮಾನರು.

"ಓದಿದವರಿಗೆ ಒಂದು ಬ್ಯಾಂಕ್ ಕಾರ್ಡ್ ಸಾಕು ರೀ. ಈಗ ಬಸ್ಸಲ್ಲೂ ಮೆಷಿನ್ನಿಗೆ ಮುಟ್ಟಿಸಿದ್ರೆ ಆಯ್ತು."

ಬಸ್ಸಿನಲ್ಲಿ ಕಂಡಕ್ಟರು ನನ್ನ ಮುಖ ನೋಡಿ, ಆಧಾರ್ ಕೇಳುತ್ತಾ ಫ್ರೀ ಟಿಕೆಟ್ ಒತ್ತಲು ಹೊರಟರು. ತಡೆದೆ. ಕಾರ್ಡು ಮುಟ್ಟಿಸಿದೆ. ಮೆಷಿನ್ನು ಕುಂಯ್ ಎಂದಿತು.

"ಆಗ್ಲಿಲ್ಲ ಮೇಡಂ."

ಸೆರಗಿನಲ್ಲಿ ಒರೆಸಿ ಮುಟ್ಟಿಸಿದೆ. ಕುಂಯ್. ಮಗುಚಿ ಮುಟ್ಟಿಸಿದೆ. ಕುಂಯ್. ಹಿಂದಿನ ಸೀಟಿನವರೊಬ್ಬರು, "ಒತ್ತಿ ಹಿಡೀರಿ," ಎಂದರು. ಒತ್ತಿದೆ. ಮೆಷಿನ್ನು ಕಂಡಕ್ಟರ ಕೈಯಿಂದ ಜಾರಿ ನನ್ನ ಕಾಲ ಮೇಲೆ ಬಿತ್ತು.

"ಕಾರ್ಡನ್ನ ಒಳಗೆ ತೂರಿಸೋಕೆ ಆಗಲ್ವಾ?"

"ಇದಕ್ಕೆ ಬಾಯಿಲ್ಲ ಮೇಡಂ. ಇರೋದೆಲ್ಲ ನಿಮಗೇ."

ಆಗ ನೆನಪಾಯಿತು. ಜನಜಂಗುಳಿಯಲ್ಲಿ ಕಳ್ಳರು ಪರ್ಸಿಗೆ ಮೆಷಿನ್ನು ತಾಗಿಸಿ ದುಡ್ಡು ಎಳೆಯುತ್ತಾರೆಂದು ಯಾರೋ ಕಳಿಸಿದ ಮೆಸೇಜು ಓದಿ, ಮುಟ್ಟಿಸುವ ಸೌಲಭ್ಯವನ್ನು ಸದರಿ ಕಾರ್ಡುದಾರಳೇ ಬಂದ್ ಮಾಡಿದ್ದಳು. ಮತ್ತೆ ಆನ್ ಮಾಡಲು ಫೋನು ಬೇಕು. ಫೋನು ಅಡುಗೆಮನೆ ಕಟ್ಟೆಯ ಮೇಲೆ ಹಾಯಾಗಿ ಮಲಗಿತ್ತು, ಎ.ಟಿ.ಎಂ. ಪಿನ್ನನ್ನೂ ತನ್ನೊಳಗೇ ಇಟ್ಟುಕೊಂಡು.

ಪಕ್ಕದಲ್ಲಿದ್ದ ಅಜ್ಜಿ, "ಫ್ರೀ ತಗೊಳ್ಳೇ ತಾಯಿ," ಎಂದರು.

"ಬೇಡಜ್ಜಿ. ನಾನು ದುಡ್ಡು ಕೊಟ್ಟೇ ಹೋಗೋದು."

"ಎಲ್ಲಿದೆ ದುಡ್ಡು?"

ಬಸ್ಸಿಗೆ ಬಸ್ಸೇ ನಕ್ಕಿತು.

"ನೋಡಿ ಮೇಡಂ," ಎಂದರು ಕಂಡಕ್ಟರು, "ದುಡ್ಡು ಕೊಡಿ, ಇಲ್ಲ ಇಲ್ಲಿನವರು ಅನ್ನೋಕೆ ಪ್ರೂಫ್ ತೋರ್ಸಿ ಫ್ರೀ ತಗೊಳ್ಳಿ. ಎರಡೂ ಇಲ್ಲ ಅಂದ್ರೆ ಇಳ್ಕೊಳ್ಳಿ. ಚೆಕಿಂಗ್ ಬಂದ್ರೆ ನನ್ನ ಕೆಲಸ ಹೋಗುತ್ತೆ."

ಇಳಿಯಲು ಎದ್ದೆ. ಅಜ್ಜಿ ನನ್ನ ಫ್ರೇಮಿನ ಪೇಪರನ್ನು ಸರ್ರನೆ ಹರಿದರು. "ಇಲ್ಲಿ ನೋಡಪ್ಪ, ಫೋಟೋ ಇದೆ, ಹೆಸರಿದೆ, ಬೆಂಗಳೂರು ಅಂತ ಸೀಲೂ ಇದೆ. ಇನ್ನೇನು ಬೇಕು ನಿಂಗೆ?"

ಕಂಡಕ್ಟರು ಒಡೆದ ಗಾಜಿನೊಳಗೆ ಬಗ್ಗಿ ನೋಡಿ, ಮೇಲಿನಿಂದ ಕೆಳಗಿನವರೆಗೆ ಓದಿದರು. ನನ್ನ ಡಿಗ್ರಿಯನ್ನು ಒಬ್ಬರು ಪೂರ್ತಿ ಓದಿದ್ದು ಅದೇ ಮೊದಲು. ಕೆಲಸ ಕೊಟ್ಟವರೂ ಓದಿರಲಿಲ್ಲ.

"ಫಸ್ಟ್ ಕ್ಲಾಸಾ ಮೇಡಂ? ಸಾಕು ಬಿಡಿ."

ನಾನು ಬೇಡ ಎನ್ನುವಷ್ಟರಲ್ಲಿ ಫ್ರೀ ಟಿಕೆಟ್ಟು ಹೊರಬಂತು. ಅಜ್ಜಿ ಅದನ್ನು ಫ್ರೇಮಿನ ಅಂಚಿಗೆ, ನನ್ನ ಗೌನಿನ ಪಕ್ಕಕ್ಕೆ ಸಿಕ್ಕಿಸಿದರು.

ನಗರ್ತಪೇಟೆಯ ಫ್ರೇಮಿನ ಅಂಗಡಿಯವನು ಆ ಟಿಕೆಟ್ಟನ್ನು ಬೆರಳಲ್ಲಿ ಮುಟ್ಟಿ, "ಇದನ್ನೂ ಒಳಗೆ ಹಾಕ್ಬೇಕಾ ಮೇಡಂ?" ಎಂದ.

ಗಾಜು ಕೂರಿಸುವವರೆಗೆ ಫ್ರೇಮು ಅಂಗಡಿಯಲ್ಲೇ ಉಳಿಯಿತು. ಅಂದರೆ ನನ್ನ ಪ್ರೂಫೂ ಅಲ್ಲೇ ಉಳಿಯಿತು. ನಗರ್ತಪೇಟೆಯಿಂದ ಮನೆವರೆಗೆ ನಡೆದೇ ಬಂದೆ.

"ಬಸ್ಸಿಗೆ ಎಷ್ಟಾಯ್ತೇ?" ಎಂದು ಯಜಮಾನರು ಕೇಳಿದರು.

"ಹೋಗೋವಾಗ ಬಿಟ್ಟಿ," ಎಂದೆ, ಕಾಲು ನೀವಿಕೊಳ್ಳುತ್ತಾ. "ಬರೋವಾಗಲೂ ಬಿಟ್ಟಿ."